ಎಡಗೈಯ ನಾಡಿ

ನನ್ನ ಎಡಗೈ ಮೈಗೆ ಅಂಟಿಕೊಂಡಿದೆ ಎನ್ನುವುದನ್ನು ಬಿಟ್ಟರೆ ಅದಕ್ಕೂ ನನಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಎಡಗೈಯಲ್ಲಿ ಯಾರಿಗೂ ಏನನ್ನೂ ಕೊಡಬಾರದು, ಯಾರಿಂದಲೂ ತೆಗೆದುಕೊಳ್ಳಬಾರದು ಎಂದು ಬಾಗಲಕೋಟೆಯಲ್ಲಿ ಅವ್ವ ಕಲಿಸಿದ್ದು, ಮ್ಯಾನ್‌ಹೈಮ್‌ಗೆ ಬಂದು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ನಮ್ಮ ಬೀದಿಯ ಬೇಕರಿಯಾಕೆ ಎಡಗೈಯಲ್ಲಿ ಬ್ರೆಡ್ಡು ಚಾಚಿದರೆ ಇಂದಿಗೂ ಒಳಗೊಳಗೇ ಮುನಿಸು. ಆಕೆಗೆ ನನ್ನ ಮೇಲೆ ಯಾವ ದ್ವೇಷವೂ ಇಲ್ಲವೆಂದು ಗೊತ್ತಿದ್ದೂ ಮುನಿಸು. ಈ ಚಾಳಿ ಚೀನಾದಲ್ಲಿ ನನ್ನ ಮಾನ ಕಳೆಯಿತು.

ಚೀನಾಕ್ಕೆ ಹೋದದ್ದು ಅಲ್ಲಿಯ ಸಾಂಪ್ರದಾಯಿಕ ವೈದ್ಯ ಕಲಿಯಲು. ನನ್ನ ಕಸುಬು ಕಾರಿನ ಬ್ರೇಕು ಪರೀಕ್ಷಿಸುವುದು. ಓಡುವುದನ್ನು ನಿಲ್ಲಿಸುವ ವಿದ್ಯೆಯದು. ಹೃದಯದ ವಿಷಯದಲ್ಲಿ ಇದರಿಂದ ಯಾವ ಉಪಯೋಗವೂ ಇಲ್ಲ. ಆದರೆ ನನ್ನ ಹೆಂಡತಿ ಸುಮಂಗಲಾಗೆ ಆಗಾಗ ಎದೆ ಡವಡವ ಎನ್ನತೊಡಗಿತ್ತು. ಮನೆ ಹತ್ತಿರದ ಡಾಕ್ಟರು ಗಾಬರಿಪಡುವಂಥದ್ದು ಕಾಣಲಿಲ್ಲ, ಆದರೂ ಒಮ್ಮೆ ತೋರಿಸಿಬಿಡಿ ಎಂದು ಹೃದಯತಜ್ಞರಿಗೆ ಚೀಟಿ ಬರೆದರು. ಜರ್ಮನಿಯಲ್ಲಿ ಎದೆ ಯಾವಾಗ ಬೇಕಾದರೂ ಹೊಡೆದುಕೊಳ್ಳಬಹುದು, ತೋರಿಸಲು ಮಾತ್ರ ಟೆರ್ಮಿನ್, ಅಂದರೆ ಮೊದಲೇ ಗೊತ್ತುಮಾಡಿದ ದಿನ ಬೇಕು. ಸಿಕ್ಕ ಟೆರ್ಮಿನ್ ತಿಂಗಳುಗಟ್ಟಲೆ ಆಚೆಗಿತ್ತು. ನನಗೆ ಹೆದರಿಕೆಯಾಯಿತು. ಹೆದರಿದ ಗಂಡಸು ಸುಮ್ಮನೆ ಹೆಂಡತಿಯ ಪಕ್ಕ ಕೂರುವುದನ್ನು ಬಿಟ್ಟು ಬೇರೇನು ಬೇಕಾದರೂ ಮಾಡುತ್ತಾನೆ. ನಾನು ಚೀನೀ ವೈದ್ಯದ ಸಂಜೆ ತರಗತಿಯೊಂದಕ್ಕೆ ಸೇರಿ, ರಜೆಯನ್ನೆಲ್ಲ ಗುಡ್ಡೆ ಹಾಕಿ, ಅಲ್ಲಿಯ ಗುಂಪಿನೊಂದಿಗೆ ಚೆಂಗ್ಡು ಊರಿಗೆ ನಾಡಿ ಪರೀಕ್ಷೆ ಕಲಿಯಲು ಹೊರಟೆ.

ಸುಮಂಗಲಾ ತಡೆಯಲಿಲ್ಲ. ಇದಕ್ಕೂ ಮುಂಚೆ ನನಗೆ ಜೇನು ಸಾಕುವ ಹುಚ್ಚು ಹಿಡಿದಿತ್ತು, ಅದಕ್ಕೂ ಮುಂಚೆ ಬಾಲ್ಕನಿಯಲ್ಲಿ ಅಣಬೆ ಬೆಳೆಯುವ ಹುಚ್ಚು. ಎರಡನ್ನೂ ಕಂಡವಳು ಅವಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ಅವಳು ಹೇಳಲೂ ಇಲ್ಲ. ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ನನ್ನ ಬ್ಯಾಗಿಗೆ ಹಾಕಿದಳು, ಅಷ್ಟೇ.

ಗುಂಪಿನಲ್ಲಿದ್ದ ಜರ್ಮನ್ನರಿಗೆ ನನ್ನ ಮೇಲೆ ಅಪಾರ ಗೌರವ. ಭಾರತದವನು, ನಾಡಿಶಾಸ್ತ್ರ ರಕ್ತದಲ್ಲೇ ಇರುತ್ತದೆ ಎಂದು ಅವರ ನಂಬಿಕೆ. ಅಲ್ಲಗಳೆಯುವುದು ಅಸಭ್ಯವೆನಿಸಿ ನಾನೂ ಗಂಭೀರವಾಗಿ ತಲೆಯಾಡಿಸಿದೆ. ವಾತ, ಪಿತ್ತ, ಕಫ ಎಂಬ ಮೂರು ಪದಗಳಲ್ಲೇ ಹಲವು ಊಟಗಳನ್ನು ದಾಟಿಸಿದೆ. ಚೀನೀ ವೈದ್ಯದ ನಾಡಿಗಳಿಗೆ ಚೆಂದದ ಹೆಸರುಗಳಿವೆ: ತೇಲುವ ನಾಡಿ, ಮುಳುಗಿದ ನಾಡಿ, ಜಾರುವ ನಾಡಿ, ತಂತಿಯಂತೆ ಬಿಗಿದ ನಾಡಿ. ನನ್ನ ಬೆರಳಿಗೆ ಎಲ್ಲವೂ ಬರೀ ಟುಕುಟುಕು ಎನ್ನುತ್ತಿದ್ದವು.

ನಮಗೆ ಕಲಿಸುತ್ತಿದ್ದವರು ವಯಸ್ಸಾದ ವೈದ್ಯೆ. ಹೆಚ್ಚು ಮಾತಿಲ್ಲ, ಆಡಿದ್ದನ್ನು ದುಭಾಷಿ ಜರ್ಮನ್‌ಗೆ ತಿರುಗಿಸುತ್ತಿದ್ದ. ಅವರ ಚಿಕಿತ್ಸಾಲಯಕ್ಕೆ ಬಂದವರು ನಮ್ಮ ಮುಂದಿನ ಪುಟ್ಟ ದಿಂಬಿನ ಮೇಲೆ ಮಣಿಕಟ್ಟು ಇಡುತ್ತಿದ್ದರು. ಬಹಳ ಮಂದಿ ಇಡುತ್ತಿದ್ದುದು ಎಡಗೈ. ಪಾಪ, ಗೊತ್ತಾಗುವುದಿಲ್ಲ ಎಂದುಕೊಂಡು ನಾನು ನಗುನಗುತ್ತಾ ಅದನ್ನು ಪಕ್ಕಕ್ಕೆ ಸರಿಸಿ ಬಲಗೈ ಕೇಳಿ ಪಡೆಯುತ್ತಿದ್ದೆ. ಒಬ್ಬ ಮುದುಕ ಮತ್ತೆ ಮತ್ತೆ ಎಡಗೈಯನ್ನೇ ಮುಂದಿಟ್ಟ. ನಾನೂ ಮತ್ತೆ ಮತ್ತೆ ಮರ್ಯಾದೆಯಿಂದ ಅವನ ತೊಡೆಯ ಮೇಲೆ ವಾಪಸಿಟ್ಟೆ. ವೈದ್ಯೆ ನೋಡುತ್ತಲೇ ಇದ್ದರು. ಕೊನೆಗೆ ದುಭಾಷಿಯನ್ನು ಕರೆದು ಒಂದು ಮಾತು ಹೇಳಿದರು.

"ಹೃದಯದ ನಾಡಿ ಇರುವುದು ಎಡಗೈಯಲ್ಲಿ. ಇವರು ಬಂದಾಗಿನಿಂದ ಒಬ್ಬರ ಹೃದಯವನ್ನೂ ಮುಟ್ಟಿಲ್ಲ."

ಬಲಗೈಯಲ್ಲಿ ಶ್ವಾಸಕೋಶ, ಜೀರ್ಣಶಕ್ತಿ ಇತ್ಯಾದಿ. ಹೃದಯ ಎಡಕ್ಕೆ. ಮೊದಲ ಪಾಠದಲ್ಲೇ ಹೇಳಿದ್ದರಂತೆ, ನಾನು ಆಗ ಪಕ್ಕದವರಿಗೆ ಕಫದ ಬಗ್ಗೆ ವಿವರಿಸುತ್ತಿದ್ದೆ. ನಮ್ಮ ಕಡೆಯ ವೈದ್ಯರೂ ಹೆಂಗಸರ ಎಡಗೈ ನಾಡಿಯನ್ನೇ ಹಿಡಿಯುತ್ತಿದ್ದರೆಂದು ಗುಂಪಿನ ಜರ್ಮನ್ ಮಹಿಳೆಯೊಬ್ಬರು ತಾವು ಓದಿದ್ದನ್ನು ಮೆಲ್ಲಗೆ ನೆನಪಿಸಿದರು. ಆಮೇಲೆ ಊಟದ ಹೊತ್ತಿನಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮನೆಗೆ ಬಂದವನೇ ಅಡುಗೆಮನೆಯ ಟೇಬಲ್ಲಿನ ಮೇಲೆ ಟವೆಲ್ ಮಡಚಿಟ್ಟು ಸುಮಂಗಲಾಗೆ ಎಡಗೈ ಕೊಡು ಎಂದೆ. ಅವಳು ಬಲಗೈ ಇಟ್ಟಳು. "ಗಂಡಗ ಎಡಗೈ ಹೆಂಗ ಕೊಡೂದ್ರಿ?" ಎಂದಳು. ನಾನು ಅವಳ ಎಡಗೈಯನ್ನು ಎಳೆದುಕೊಂಡು ಮೂರು ಬೆರಳಿಟ್ಟೆ. ಕಣ್ಣು ಮುಚ್ಚಿ ಗಮನಿಸಿದೆ. ನಾಡಿ ನಿಧಾನವಾಗಿ, ಒಂದೇ ಹದದಲ್ಲಿ ಓಡುತ್ತಿತ್ತು. ಏನೂ ಇಲ್ಲವಲ್ಲ ಎಂಬ ಸಂತೋಷಕ್ಕೆ ನಾಲಿಗೆ ಸಡಿಲವಾಯಿತು. ಮುಂದಿನ ವರ್ಷ ಸೂಜಿ ಚುಚ್ಚುವುದನ್ನೂ ಕಲಿಸುತ್ತಾರಂತೆ, ಹೆಸರು ಕೊಟ್ಟರೆ ಹೇಗೆ ಎಂದೆ.

ನನ್ನ ಬೆರಳಡಿಯಲ್ಲಿ ನಾಡಿ ಹಾರಿಬಿತ್ತು. ತೇಲುವುದೂ ಅಲ್ಲ, ಜಾರುವುದೂ ಅಲ್ಲ, ಡವಡವ. ನಾನು ತಲೆಯೆತ್ತಿ ನೋಡಿದೆ.

"ಗೊತ್ತಾತೇನ್ರಿ ಈಗ?" ಎಂದಳು ಸುಮಂಗಲಾ.

ಟೆರ್ಮಿನ್ ಬಂತು. ತಜ್ಞರು ಎದೆಗೆ ತಂತಿಗಳನ್ನು ಅಂಟಿಸಿ ನೋಡಿ, ಹೃದಯ ಗಟ್ಟಿಯಾಗಿದೆ, ಚಿಂತೆ ಕಡಿಮೆ ಮಾಡಿ ಎಂದರು. ಅವಳು ಅವರನ್ನು ನೋಡದೆ ನನ್ನನ್ನು ನೋಡಿದಳು. ನನಗೆ ನಾಚಿಕೆಯೂ ಆಯಿತು, ಜೀವವೂ ತಣ್ಣಗಾಯಿತು.

ಈಗ ಸಂಜೆ ಚಹಾ ಆದಮೇಲೆ ಅವಳು ನಾನು ಕೇಳುವ ಮೊದಲೇ ಎಡಗೈ ಕೊಡುತ್ತಾಳೆ. ಹೊಸ ಯೋಚನೆ ಬಂದಾಗಲೆಲ್ಲ ನಾನು ಮೊದಲು ಬೆರಳಿಟ್ಟು ಆಮೇಲೆ ಬಾಯಿ ತೆರೆಯುತ್ತೇನೆ. ಮೊನ್ನೆ ನೆಕರ್ ನದಿಯಲ್ಲಿ ದೋಣಿ ನಡೆಸುವುದನ್ನು ಕಲಿಯಬಹುದಲ್ಲ ಎಂದು ಶುರುಮಾಡಿದ್ದೆ. ಬೆರಳು ಎಚ್ಚರಿಸಿತು. ಬೇಡ ಬಿಡು, ದಂಡೆ ಮೇಲೆ ಒಂದು ಸುತ್ತು ಹೋಗಿಬರೋಣ ಎಂದೆ. ನಾಡಿ ಮೆಲ್ಲಗೆ ನೆಲೆಗೆ ಬಂತು. ಬ್ರೇಕಿನ ಕಸುಬು ಕೊನೆಗೂ ಉಪಯೋಗಕ್ಕೆ ಬಂದದ್ದು ಹೀಗೆ.