ಫೋಸ್ಕೊ ಮಾಮನ ಮಧ್ಯಾಹ್ನ

“ಅಮ್ಮಾ, ಫೋಸ್ಕೊ ಮಾಮನ ಮದುವೆ ಆಯ್ತಾ, ಇಲ್ವಾ?”

ಇವತ್ತು ಬೆಳಿಗ್ಗೆ ಬೂಟು ಹಾಕಿಸಿಕೊಳ್ಳುತ್ತಾ ಜೆಮ್ಮ ಕೇಳಿದಳು. ಹೋದ ಶನಿವಾರ ಹೂಬುಟ್ಟಿ ಹಿಡಿದು ನಿಂತವಳು ಅವಳೇ, ಒಂದು ಎಸಳೂ ಎರಚದೆ ಅಷ್ಟನ್ನೂ ಮನೆಗೆ ವಾಪಸು ತಂದವಳೂ ಅವಳೇ. ಕೇಳುವ ಹಕ್ಕಿದೆ.

“ಅರ್ಧ ಆಯ್ತು ಪುಟ್ಟಿ.”

“ಯಾವ ಅರ್ಧ?”

ಫೋಸ್ಕೊ ಗುಡ್ಡದ ಮೇಲಿನ ವಿಲ್ಲಾದ ಮಾಲಿ. ಐವತ್ತು ದಾಟಿದ ಬ್ರಹ್ಮಚಾರಿ. ಯಾವ ಕಾಲದಲ್ಲೋ ಚರ್ಚಿನ ಒಬ್ಬ ಕಾರ್ಡಿನಲ್ ಗೆರೆ ಹೊಡೆದು ಹಾಕಿಸಿದ ತೋಟ ಅದು: ನಾಲ್ಕು ಚೌಕ, ಮಂಡಿಯೆತ್ತರದ ಹಸಿರು ಬೇಲಿ, ನಟ್ಟನಡುವೆ ಕಲ್ಲಿನ ನೆರಳುಗಡಿಯಾರ. ಅಪ್ಪನ ಬೆರಳು ಹಿಡಿದು ಅಲ್ಲಿಗೆ ಬಂದವನು ಇವತ್ತಿಗೂ ತೋಟದ ಮೂಲೆಮನೆಯಲ್ಲೇ ಇದ್ದಾನೆ. ದಾರ ಕಟ್ಟಿ ಬೇಲಿ ಕತ್ತರಿಸುತ್ತಾನೆ, ಒಂದೆಲೆ ದಾರ ದಾಟಿದರೂ “ಎಲ್ಲಿಗೆ ಹೊರಟೆ ಮಹರಾಯ?” ಎಂದು ಗದರುತ್ತಾನೆ. ಚಳಿ ಕಳೆದು ನಿಂಬೆಕುಂಡಗಳನ್ನು ಹೊರಗೆ ತಂದಾಗ ಹೋದ ವರ್ಷ ಯಾವ ಮೈಗೆ ಬಿಸಿಲು ಬಿದ್ದಿತ್ತೋ ಅದೇ ಮೈಗೆ ಬೀಳಬೇಕು. ಇಲ್ಲದಿದ್ದರೆ ಗಿಡ ಮುನಿಸಿಕೊಳ್ಳುತ್ತದಂತೆ. ಗಿಡಗಳ ಮುನಿಸು ಅವನಿಗೆ ಬಹಳ ಬೇಗ ತಿಳಿಯುತ್ತದೆ.

ಕೈಗೆ ಗಡಿಯಾರ ಕಟ್ಟಿದವನಲ್ಲ, ಹೊತ್ತು ನೋಡುವುದು ಆ ಕಲ್ಲಿನ ನೆರಳಿನಲ್ಲೇ. ಮೊಬೈಲಿದೆ, ಗಿಡಗಳ ಬುಡದಲ್ಲಿ ಬಸವನಹುಳು ಹುಡುಕುವ ಟಾರ್ಚಿಗೆಂದು; ಉಳಿದ ಹೊತ್ತು ಕುಂಡಗಳ ಕೊಟ್ಟಿಗೆಯಲ್ಲಿ ಬಿದ್ದಿರುತ್ತದೆ. ಬೇಸಿಗೆಗೆ ಊರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಅವನೊಬ್ಬನನ್ನು ಬಿಟ್ಟು. “ಸರ್ಕಾರ ಮುಳ್ಳು ತಿರುಗಿಸ್ಬೋದು, ಸೂರ್ಯನ ಕಿವಿ ಹಿಂಡಕ್ಕಾಗತ್ತಾ?” ಕಾಫಿ ಅಂಗಡಿಯಲ್ಲಿ ನಿಂತವರು ಬಿಡುತ್ತಾರೆಯೇ? “ಏನೋ ಫೋಸ್ಕೊ, ನಿಂಗಿನ್ನೂ ನಿನ್ನೆನೇ ನಡೀತಿದ್ಯಾ?”

ಇಂಥವನನ್ನು ಬ್ರೆಡ್ಡಿನಂಗಡಿಯ ದೆಲ್ಫೀನ ಒಪ್ಪಿದಳು. ಗಂಡ ತೀರಿಕೊಂಡ ಮೇಲೆ ಒಲೆ, ಅಂಗಡಿ ಎರಡನ್ನೂ ಒಬ್ಬಳೇ ನಡೆಸುವವಳು. ಹಿಟ್ಟು ಒಂದಿಷ್ಟು ಹೆಚ್ಚು ಉಬ್ಬಿದರೂ ಸಹಿಸದವಳು. ಶನಿವಾರ ಹನ್ನೆರಡಕ್ಕೆ ಪುರಸಭೆಯಲ್ಲಿ ಮದುವೆ. ಫೋಸ್ಕೊನ ಕಡೆಯ ಸಾಕ್ಷಿ ನಾನು.

ಹನ್ನೆರಡಾಯಿತು. ಮೇಯರ್ ಹೆಗಲಿಗೆ ಬಾವುಟದ ಮೂರು ಬಣ್ಣದ ಪಟ್ಟಿ ತೊಟ್ಟು ನಿಂತರು, ಮದುಮಗನಿಲ್ಲ. ಅವನ ಫೋನು ಕೊಟ್ಟಿಗೆಯಲ್ಲಿ ಬಸವನಹುಳುಗಳಿಗೆ ಹಾಡು ಕೇಳಿಸುತ್ತಿತ್ತು. ನನ್ನ ಗಂಡ ಸ್ಕೂಟರಿನಲ್ಲಿ ರಸ್ತೆ ಹಿಡಿದು ಮೇಲೆ ಹೋದರೆ, ಫೋಸ್ಕೊ ಆಲಿವ್ ಮರಗಳ ನಡುವಿನ ಕಾಲುದಾರಿಯಲ್ಲಿ ಕೆಳಗಿಳಿಯುತ್ತಿದ್ದ. ಮೇಯರ್ ಪಟ್ಟಿ ಬಿಚ್ಚಿಟ್ಟು ಊಟಕ್ಕೆ ನಡೆದರು. ಆಮೇಲೆ ಬಂದ ನೋಡಿ, ಇಸ್ತ್ರಿಯ ಸೂಟು, ಕೈಯಲ್ಲಿ ನಿಂಬೆಹೂವಿನ ಗೊಂಚಲು, ಮುಖದ ತುಂಬ ಬೇಗ ಬಂದವನ ಹೆಮ್ಮೆ.

“ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇದೆ! ಜನ ಎಲ್ಲಿ?”

“ಒಂದು ಹೊಡೀತಾ ಬಂತು!” ದೆಲ್ಫೀನ ಹೂವನ್ನು ಕಿತ್ತುಕೊಂಡಳು. ಎಸೆಯಲಿಲ್ಲ, ಗಮನಿಸಿದೆ. “ಹೋಗು, ಆ ಕಲ್ಲನ್ನೇ ಕಟ್ಕೋ! ಮೋಡ ಬಂದ್ರೆ ಅದೂ ನಿನ್ನ ಹತ್ರ ಮಾತಾಡಲ್ಲ.”

“ಚಳಿಗಾಲದಲ್ಲಿ ಇಷ್ಟು ತಡ ಆಗ್ತಿರ್ಲಿಲ್ಲ ದೆಲ್ಫೀನಾ…”

“ಮದುವೆ ಜೂನಲ್ಲಿ ಕಣೋ!”

ಪುರಸಭೆಯ ಗುಮಾಸ್ತೆ ಪಾಪ ಎನಿಸಿ ಮುಂದಿನ ಶನಿವಾರ ಹನ್ನೆರಡಕ್ಕೆ ಇನ್ನೊಂದು ಹೊತ್ತು ಕೊಟ್ಟಳು.

“ಬರ್ತೀನಿ,” ಎಂದಳು ದೆಲ್ಫೀನ. “ಇದೇ ಕೊನೆ. ಆಗ್ಲೂ ನೀನಿಲ್ದಿದ್ರೆ, ಆಮೇಲೆ ನೀನು ನಂಗೆ ಬರೀ ಗಿರಾಕಿ.”

ಆ ಶನಿವಾರ ನಾಳೆ. ಇವತ್ತು ಸಂಜೆ ಫೋಸ್ಕೊ ನಮ್ಮ ಬಾಗಿಲಿಗೆ ಬಂದ. ವಾರದಲ್ಲೇ ಸೊರಗಿದ್ದಾನೆ. ಸೂಪು ಬಡಿಸಿದೆ, ಮುಟ್ಟಲಿಲ್ಲ. ನನ್ನ ಗಂಡನ ಹಳೆಯ ಕೈಗಡಿಯಾರ ಕೊಟ್ಟೆ. ಕಟ್ಟಿಕೊಂಡು, ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದ.

“ಕಟ್ಕೋತೀನಿ ಲುಚಿಲ್ಲ. ಆದ್ರೆ ಎದುರಿಗೆ ಆ ನೆರಳು ಬಿದ್ದಿದ್ರೆ ಇದನ್ನ ನಂಬಲ್ಲ ನಾನು. ನನ್ನ ಬುದ್ಧಿ ನಂಗೆ ಗೊತ್ತು.”

“ಮತ್ತೇನ್ ಮಾಡೋಣ ಮಾಮ?”

ಟೋಪಿ ಹಿಂಡುತ್ತಾ, ಯಾರಿಗೋ ದ್ರೋಹ ಬಗೆಯುವವನಂತೆ ದನಿ ತಗ್ಗಿಸಿದ.

“ನಾಳೆ ನಾನು ಏಳೋಕ್ ಮುಂಚೆ ಬಂದು, ನಿಮ್ಮನೇಲಿ ದಪ್ಪ ಕಂಬಳಿ ಇದ್ರೆ, ಆ ನೆರಳುಗಡಿಯಾರದ ಮೇಲೆ ಹೊದಿಸಿ ಹೋಗ್ತೀಯಾ ಮಗಳೇ?”