ಓಡುವವರಿಗಾಗಿ ನಿಲ್ಲುವ ಲಾಂಚು

ನಮ್ಮ ಮನೆಯ ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲೆ ಒಂದು ಜೊತೆ ಓಟದ ಶೂಗಳು ಕಾಯಂ ನಿವಾಸಿಗಳಾಗಿ ನೆಲೆಸಿವೆ. ರಾತ್ರಿಯಿಡೀ ಕೆಂಡದ ಕಾವಿಗೆ ಒಣಗಿ, ಬೆಳಗಾಗುವಾಗ ಮೈತುಂಬ ಹೊಗೆಯ ವಾಸನೆ ಹೊತ್ತು ನನ್ನ ಕಾಲಿಗೇರುತ್ತವೆ. ಸೀಗೆಪುಡಿಯ ಡಬ್ಬಿ, ಹಂಡೆಯ ಮುಚ್ಚಳ, ಒಟ್ಟಿದ ಸೌದೆಗಳ ನಡುವೆ ಅವುಗಳ ಗಿಳಿಹಸಿರು ಬಣ್ಣ ಕಂಡಾಗಲೆಲ್ಲ ನಮ್ಮ ಮನೆಯವರು, ಹೊರಡುವ ಮಾತೇ ಎತ್ತದ ನೆಂಟರು ಇವರು ಎಂದು ಛೇಡಿಸುತ್ತಾರೆ. ಐವತ್ತು ದಾಟಿದ ಮೇಲೆ ಸಕ್ಕರೆ ಏರಿದೆಯೆಂದು ಡಾಕ್ಟರು ನನಗೆ ನಡೆಯಲು ಹೇಳಿದ್ದರು. ನಡೆಯುತ್ತ ನಡೆಯುತ್ತ ಯಾವುದೋ ಒಂದು ಇಳಿಜಾರಿನಲ್ಲಿ ನನಗೇ ಗೊತ್ತಾಗದಂತೆ ಓಟ ಹತ್ತಿಕೊಂಡಿತು. ಡಾಕ್ಟರು ಕೇಳಿದ್ದಕ್ಕಿಂತ ಹೆಚ್ಚಿಗೆ ಕೊಟ್ಟ ರೋಗಿ ನಾನೊಬ್ಬಳೇ ಇರಬೇಕು.

ಓಡುವುದೆಲ್ಲಿ ಎಂದು ಕೇಳುತ್ತೀರಿ. ನಮ್ಮದು ನಿಟ್ಟೂರಿನಿಂದ ಶರಾವತಿಯ ಹಿನ್ನೀರಿನ ಕಡೆಗೆ ಇಳಿದುಬಂದರೆ ಸಿಗುವ ಊರು. ಕಡಲು ಘಟ್ಟದ ಕೆಳಗೆ ಉಳಿದರೂ ನಮಗೆ ನಮ್ಮದೇ ಒಂದು ಕರಾವಳಿಯಿದೆ. ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಕಣಿವೆಗಳು ಮುಳುಗಿ, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿ, ದನ ಮೇಯುತ್ತಿದ್ದ ಬ್ಯಾಣಗಳೆಲ್ಲ ದಡಗಳಾದವು. ಜಂಬಿಟ್ಟಿಗೆಯ ಒರಟು ಕಲ್ಲು, ಕೆಂಪು ಜೇಡಿ, ನೀರಿನೊಳಗೆ ನಿಂತೇ ಒಣಗಿದ ಮರಗಳ ಕಪ್ಪು ಬೊಡ್ಡೆಗಳು, ಇವುಗಳ ಮಗ್ಗುಲಿಗೆ ಹಾದುಹೋಗುವ ನನ್ನ ದಾರಿ ಯಾವ ನಕ್ಷೆಯಲ್ಲೂ ಇಲ್ಲ. ಮಳೆಗಾಲ ಮುಗಿದಾಗ ಅದು ಮತ್ತಿಮರಗಳ ಬುಡದಲ್ಲಿ ಅಂಚಿಗೆ ಅಂಟಿಕೊಂಡಿರುತ್ತದೆ. ನೀರು ಇಳಿದಂತೆಲ್ಲ ಅಗಲವಾಗಿ ಕೆಳಗೆ ಸರಿದು, ಬೇಸಿಗೆಯ ಹೊತ್ತಿಗೆ ಯಾರೂ ಮೆಟ್ಟದ ಹೊಸ ನೆಲವನ್ನು ನನ್ನ ಮುಂದೆ ಹಾಸುತ್ತದೆ. ನಿನ್ನೆ ಓಡಿದ ದಾರಿಯಲ್ಲೇ ಇವತ್ತೂ ಓಡಿದೆ ಎಂದು ನಾನು ಹೇಳುವಂತಿಲ್ಲ, ಮತ್ತು ನನಗೆ ಅದರಿಂದ ಬಲು ಖುಷಿ.

ಆದರೆ ನಮ್ಮ ಕಡೆ ಸುಮ್ಮನೆ ಓಡುವುದು ಸುಲಭವಲ್ಲ. ಹಿನ್ನೀರಿನ ದಡದಲ್ಲಿ ಒಬ್ಬರು ಓಡುತ್ತಿದ್ದಾರೆಂದರೆ ಅದಕ್ಕೆ ಒಂದೇ ಅರ್ಥ, ಹಿನ್ನೀರು ದಾಟಿಸುವ ಲಾಂಚು ತಪ್ಪುತ್ತಿದೆ. ಆಚೆ ದಡ ಸಾಗರ ಪೇಟೆಯ ಸೀಮೆ. ಆಸ್ಪತ್ರೆ, ಕಾಲೇಜು, ಸಂತೆ ಎಲ್ಲವೂ ಅತ್ತ. ಸುತ್ತು ಹಾಕಿ ರಸ್ತೆಯಲ್ಲಿ ಹೋಗುವುದೆಂದರೆ ಅರ್ಧ ದಿನದ ಬಾಬತ್ತು. ಮೊದಲ ಲಾಂಚು ತಪ್ಪಿದರೆ ಆಚೆಯ ಬಸ್ಸೂ ತಪ್ಪಿತು. ಹಾಗಾಗಿ ಯಾರೇ ಓಡಿ ಬರುವುದು ಕಂಡರೂ ಲಾಂಚು ನಿಲ್ಲಬೇಕು ಎನ್ನುವುದು ಇಲ್ಲಿನ ಪದ್ಧತಿ. ಯಾರೂ ಹೇಳಿದ್ದಲ್ಲ, ಯಾರೂ ಬರೆದಿಟ್ಟದ್ದಲ್ಲ. ನಿಂತ ಲಾಂಚಿನಲ್ಲಿ ಯಾರೂ ಗೊಣಗುವುದಿಲ್ಲ, ಏಕೆಂದರೆ ನಾಳೆ ಓಡುವ ಸರದಿ ತನ್ನದೂ ಆಗಬಹುದೆಂದು ಎಲ್ಲರಿಗೂ ಗೊತ್ತು.

ಇದೆಲ್ಲ ಗೊತ್ತಿದ್ದೂ ನಾನು ಹಸಿರು ಶೂ ಹಾಕಿಕೊಂಡು ಬೆಳಗಿನ ಲಾಂಚಿನ ಹೊತ್ತಿಗೇ, ಜನ ಅದನ್ನು ಹತ್ತುವ ಕಡವಿನ ಪಕ್ಕ ಓಡತೊಡಗಿದೆ. ಲಾಂಚು ನಿಂತಿತು. ನಾನು ಅದನ್ನು ದಾಟಿ ಮುಂದಕ್ಕೆ ಓಡಿದೆ. ಜನ ದಂಗಾದರು. ಒಂದು ವಾರ ಹೀಗೆಯೇ ನಡೆಯಿತು. ಇಲ್ಲಿನ ಶಾಲೆಯಲ್ಲಿ ಕಲಿಸುವವಳು ನಾನು, ಟೀಚರಿಗೆ ಏನೋ ಆಗಿದೆ ಎಂದು ಊರಲ್ಲಿ ಸುದ್ದಿ. ಬೈಕಿನವರು ನಿಲ್ಲಿಸಿ ಹತ್ತಿಸಿಕೊಳ್ಳಲೇ ಎಂದು ಕೇಳುವುದು. ದಡದ ಮನೆಯ ಅಜ್ಜಿಯೊಬ್ಬರು ಯಾರಾದರೂ ನೀರಿಗೆ ಬಿದ್ದರೇ ಎಂದು ಹೊರಗೆ ಬಂದು ನಿಲ್ಲುವುದು. ಕೊನೆಗೆ ಲಾಂಚು ಬಿಡುವ ಮಂಜಣ್ಣನೇ ಒಂದು ದಿನ ಶಾಲೆಯ ಗೇಟಿನ ಹತ್ತಿರ ಬಂದು, ನೀವು ಓಡಿದರೆ ನಾನು ಕಾಯಬೇಕೋ ಬೇಡವೋ ಎಂದು ಬಹಳ ಮರ್ಯಾದೆಯಿಂದ ಕೇಳಿದ. ನನಗೆ ನಾಚಿಕೆಯಾಯಿತು. ಬೇಡ, ನಾನು ಕೈ ಬೀಸುತ್ತೇನೆ, ಬೀಸಿದರೆ ಹೊರಡಬಹುದು ಎಂದು ಗೊತ್ತು ಮಾಡಿದೆವು. ಅಂದಿನಿಂದ ನಾನು ಕೈ ಬೀಸುವುದು, ಅವನು ಹಾರ್ನ್ ಹೊಡೆದು ಹೊರಡುವುದು, ಲಾಂಚಿನ ಮೇಲೆ ನಿಂತ ಹೆಂಗಸರು ನಗುತ್ತ ನನಗೆ ಕೈ ಎತ್ತುವುದು, ಇದು ನಿತ್ಯದ ಒಂದು ಸಣ್ಣ ಹಬ್ಬವಾಯಿತು. ಕಾರಣವಿಲ್ಲದೆ ಓಡುವ ಹಕ್ಕು ನನಗೆ ದಕ್ಕಿತೆಂದು ನಾನು ಒಳಗೊಳಗೇ ಬೀಗಿದ್ದೂ ನಿಜ.

ಕಳೆದ ಚಳಿಗಾಲದ ಒಂದು ಬೆಳಗ್ಗೆ ಎಂದಿನಂತೆ ಕೈ ಬೀಸಿದೆ. ಲಾಂಚು ಹಲಗೆ ಎತ್ತಿ ಹಿಂದೆ ಸರಿಯಿತು. ನಾಲ್ಕು ಹೆಜ್ಜೆ ಮುಂದೆ ಹೋಗಿರಬೇಕು, ಮೇಲಿನ ರಸ್ತೆಯಿಂದ ಯಾರೋ ನನ್ನನ್ನು ಕರೆದಂತಾಯಿತು. ನೋಡಿದರೆ ಪಕ್ಕದ ಮನೆಯ ನಾಗವೇಣಕ್ಕ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಾರೆ. ಹೊರಟ ಲಾಂಚು ಕಂಡದ್ದೇ ಅವರು ಅಲ್ಲೇ ಕುಸಿದು ಕುಳಿತರು. ಅವರ ಮಗಳನ್ನು ಹಿಂದಿನ ದಿನವೇ ಹೆರಿಗೆಗೆ ಸಾಗರಕ್ಕೆ ಕರೆದೊಯ್ದಿದ್ದರು. ಬೆಳಗ್ಗೆ ಫೋನ್ ಬಂದಿದೆ, ಆಪರೇಷನ್ ಮಾಡಬೇಕಂತೆ, ಹುಡುಗಿ ಅಮ್ಮ ಬರಲಿ ಎಂದು ಹಟ ಹಿಡಿದು ಅಳುತ್ತಿದ್ದಾಳಂತೆ.

"ನಾ ಓಡಿ ಬಂದ್ರೆ ನಿಲ್ತಾನೆ ಅಂದ್ಕಂಡಿದ್ದೆ ಕಣೇ," ಎಂದರು ನಾಗವೇಣಕ್ಕ. ಅದರಲ್ಲಿ ನನ್ನ ಮೇಲೆ ದೂರು ಇರಲಿಲ್ಲ. ಆದರೆ ಹೊರಡು ಎಂದು ಕೈ ಬೀಸಿದವಳು ನಾನೇ.

ನಮ್ಮ ಕಡವಿನಿಂದ ಹೊರಟ ಲಾಂಚು ಮೊದಲು ನೀರಿನೊಳಕ್ಕೆ ಚಾಚಿಕೊಂಡ ಒಂದು ಬೋಳುಗುಡ್ಡವನ್ನು ಬಳಸಬೇಕು. ಗುಡ್ಡದ ಕುತ್ತಿಗೆಯನ್ನು ಅಡ್ಡ ಹಾಯ್ದರೆ ಲಾಂಚಿಗಿಂತ ಮೊದಲೇ ಆಚೆ ಮಗ್ಗುಲನ್ನು ಮುಟ್ಟಬಹುದು. ಓಡಿದೆ. ಅಷ್ಟು ದಿನ ಓಡಿದ್ದು ಓಟವೇ ಅಲ್ಲ ಅನ್ನಿಸುವಂತೆ, ಕಲ್ಲು ಮುಳ್ಳು ನೋಡದೆ, ಉಸಿರಿನ ಲೆಕ್ಕವಿಡದೆ ಓಡಿದೆ. ಆಚೆ ಮಗ್ಗುಲು ತಲುಪಿದಾಗ ಲಾಂಚು ಎದುರಿಗೇ ಬರುತ್ತಿತ್ತು. ಎರಡೂ ಕೈ ಎತ್ತಿ ಬೀಸಿದೆ. ಮಂಜಣ್ಣ ಖುಷಿಯಿಂದ ಹಾರ್ನ್ ಹೊಡೆದು ವೇಗ ಹೆಚ್ಚಿಸಿದ.

ಆಗ ನನಗೆ ಆದದ್ದನ್ನು ಹೇಗೆ ಹೇಳಲಿ! ನಿಲ್ಲು ಎನ್ನುವುದಕ್ಕೆ ನನ್ನ ಬಳಿ ಗುರುತೇ ಉಳಿದಿರಲಿಲ್ಲ. ಕೂಗಿದರೆ ಎಂಜಿನ್ನಿನ ಸದ್ದಿಗೆ ಕೇಳಿಸದು, ಫೋನು ಮನೆಯಲ್ಲೇ ಇತ್ತು. ಕೈ ಇಳಿಸಿದೆ. ಬೇರೇನೂ ತೋಚದೆ ದಡ ಮುಗಿದರೂ ಓಟ ನಿಲ್ಲಿಸದೆ ಶೂ ಸಮೇತ ನೀರಿಗಿಳಿದೆ. ಮೊಣಕಾಲು ಮುಳುಗಿತು, ತೊಡೆ ಮುಳುಗಿತು, ಹೆಜ್ಜೆ ಕೀಳುವುದೇ ಕಷ್ಟವಾಯಿತು. ಲಾಂಚಿನ ಮೇಲೆ ಗಲಿಬಿಲಿ ಕಂಡಿತು. ಹೆಂಗಸರು ಎದ್ದು ನಿಂತು ಮಂಜಣ್ಣನ ಕಡೆಗೆ ಕೂಗುತ್ತಿದ್ದರು. ನಿಧಾನವಾಗಿ, ದೊಡ್ಡ ದೇಹದ ಎಮ್ಮೆ ಮಗ್ಗುಲು ಬದಲಿಸಿದಂತೆ, ಲಾಂಚು ಕಡವಿನ ಕಡೆಗೆ ತಿರುಗಿತು.

ನಾನು ಸುತ್ತಿಕೊಂಡು ಕಡವಿಗೆ ಬರುವಷ್ಟರಲ್ಲಿ ಲಾಂಚು ಹಲಗೆ ಇಳಿಸಿತ್ತು. ಯಾರೋ ನಾಗವೇಣಕ್ಕನ ಚೀಲ ತೆಗೆದುಕೊಂಡರು, ಇನ್ನಾರೋ ಕುಡಿಯಲು ನೀರು ಕೊಟ್ಟರು. ಬಸ್ಸಿನವನಿಗೆ ಫೋನ್ ಮಾಡಿ ನಿಲ್ಲಿಸಿಕೊಳ್ಳಲು ಹೇಳಿಯೂ ಆಗಿತ್ತು. ಹೆಂಗಸರಿಗೆ ಗೊತ್ತಾದದ್ದು ಹೇಗೆಂದು ಆಮೇಲೆ ತಿಳಿಯಿತು. ಟೀಚರು ದಿನಾ ಓಡುವುದು ಹೀಗಲ್ಲ, ಇವತ್ತು ಯಾರಿಗೋಸ್ಕರವೋ ಓಡುತ್ತಿದ್ದಾರೆ ಎಂದು ಅವರೆಲ್ಲ ಒಂದೇ ಉಸಿರಿಗೆ ಹೇಳಿದರಂತೆ. ನನ್ನ ಪಾಡಿಗೆ ನಾನು ಓಡುತ್ತೇನೆಂದು ತಿಳಿದಿದ್ದೆ. ಅವರು ನನ್ನ ಹೆಜ್ಜೆಯನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಸಂಜೆ ಮಂಜಣ್ಣ ಸಿಕ್ಕಾಗ ನಾಗವೇಣಕ್ಕ ಸಮಯಕ್ಕೆ ತಲುಪಿದರೆಂದೂ, ಹೆಣ್ಣುಮಗು, ತಾಯಿ ಮಗು ಕ್ಷೇಮವೆಂದೂ ಹೇಳಿದ. ನಾನು ನಾಳೆಯಿಂದ ದಡದಲ್ಲಿ ಓಡುವುದಿಲ್ಲವೆಂದೆ. ನನ್ನೊಬ್ಬಳ ಖುಷಿಗೆ ಇಡೀ ಊರಿನ ಪದ್ಧತಿ ಸವೆದುಹೋದರೆ, ಮುಂದೊಂದು ದಿನ ನಿಜವಾಗಿ ಓಡಿ ಬಂದವರ ಗತಿ ಏನು? ಇದನ್ನೆಲ್ಲ ದೀರ್ಘವಾಗಿ ವಿವರಿಸಿದೆ. ಆತ ಎಲೆಯಡಿಕೆ ಮೆಲ್ಲುತ್ತ ಪೂರ್ತಿ ಕೇಳಿಸಿಕೊಂಡ.

"ಓಡದ್ ಯಾಕ್ ಬಿಡ್ತೀರಿ? ಓಡಿ. ಕೈ ಮಾತ್ರ ಬೀಸ್ಬೇಡಿ ಟೀಚರೇ," ಎಂದ. "ನಿಲ್ಸದು ಬಿಡದು ನಮಗಿರ್ಲಿ."

ಮಾರನೆಯ ಬೆಳಗ್ಗೆ ಅಳುಕುತ್ತಲೇ ಓಡಿದೆ. ಕೊಡಚಾದ್ರಿಯ ನೆತ್ತಿಗೆ ಆಗಷ್ಟೇ ಬಿಸಿಲು ತಾಗಿತ್ತು, ನೀರಿನ ಮೇಲೆ ಹೊಗೆಮಂಜು. ಲಾಂಚು ನಿಂತಿತ್ತು. ಕೈ ತಾನಾಗಿ ಏಳಲು ಹೋಯಿತು, ತಡೆದುಕೊಂಡೆ. ಲಾಂಚಿನ ಮೇಲಿದ್ದ ಯಾರೂ ನನ್ನನ್ನು ನೋಡುತ್ತಿರಲಿಲ್ಲ ಎನ್ನುವುದು ಹತ್ತಿರ ಬಂದ ಮೇಲೆ ಗಮನಕ್ಕೆ ಬಂತು. ಅವರ ಕಣ್ಣೆಲ್ಲ ನನ್ನನ್ನು ದಾಟಿ, ನನ್ನ ಬೆನ್ನ ಹಿಂದಿನ ಇಳಿಜಾರಿನ ಮೇಲಿತ್ತು. ನಾನೂ ನಿಂತೆ, ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಿದೆ. ಎಲ್ಲರೂ ಸೇರಿ ಇನ್ನೂ ಸ್ವಲ್ಪ ಹೊತ್ತು ಕಾದೆವು.