ಗಂಡ ಕಲಿಸಿದ ಪರದೆ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಟೈಟಲ್ ಮಾವ ಎಂದು. ಟೀವಿಯಲ್ಲಿ ಕಾರ್ಯಕ್ರಮ ಶುರುವಾಗುವಾಗ ಅಕ್ಷರಗಳು ಹಾರಿಬಂದು ಸಾಲಾಗಿ ನಿಲ್ಲುತ್ತವಲ್ಲ, ಜಾಹೀರಾತಿನಲ್ಲಿ ಅಂಗಡಿಯ ಹೆಸರು ಗಿರಗಿರನೆ ತಿರುಗಿ ಬಂದು ಕೂರುತ್ತದಲ್ಲ, ಅದೆಲ್ಲ ಅವನ ಕೈಕೆಲಸ. ಅವನ ಹೆಂಡತಿಗೆ ಆ ಕೆಲಸದ ಗಂಧಗಾಳಿಯೂ ಗೊತ್ತಿರಲಿಲ್ಲ. ಅವಳು ದೊಡ್ಡ ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಗಿರಾಕಿಗಳು ಕೊಂಡ ಪ್ಯಾಂಟುಗಳ ಉದ್ದ ಕಡಿಮೆ ಮಾಡಿ ಅಂಚು ಹೊಲಿದುಕೊಡುತ್ತಿದ್ದಳು.

ಅವನ ಕಣ್ಣು ಒಂದೇ ಸಲಕ್ಕೆ ಕೈಕೊಡಲಿಲ್ಲ. ಮೊದಲು ಸಣ್ಣ ಅಕ್ಷರಗಳು ಹೋದವು. ಆಮೇಲೆ ನೋಡಿದ್ದರ ನಟ್ಟನಡುವೆ ಒಂದು ಮಬ್ಬು ಬಂದು ಕೂತಿತು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬರುಬರುತ್ತ ಅಂಚುಗಳೂ ಮಸುಕಾದವು. ಇರುವುದನ್ನು ಉಳಿಸಿಕೊಳ್ಳೋಣ ಎಂದರು ಕಣ್ಣಿನ ಡಾಕ್ಟರು. ಹೋದದ್ದು ಬರುತ್ತದೆ ಎನ್ನಲಿಲ್ಲ. ಕೆಲಸ ಮಾಡುತ್ತಿದ್ದ ಸ್ಟುಡಿಯೋದಲ್ಲಿ ಅವನು ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಕೊನೆಗೆ ಒಂದು ಅಂಗಡಿಯ ಹೆಸರೇ ತಪ್ಪು ಕಾಗುಣಿತದಲ್ಲಿ ಪರದೆಯ ತುಂಬ ಕುಣಿದಾಗ ವಿಷಯ ಹೊರಬಿತ್ತು.

ಸ್ಟುಡಿಯೋ ಮಾಲೀಕ ಒಳ್ಳೆಯ ಮನುಷ್ಯ. ಮನೆಗೇ ಬಂದ. ಕಂಪ್ಯೂಟರನ್ನು ಇಲ್ಲಿಗೇ ಕಳಿಸುತ್ತೇನೆ, ಅದರ ಮುಂದೆ ಕೂರುವವರು ಯಾರಾದರೂ ಇದ್ದರೆ ಸಣ್ಣಪುಟ್ಟ ಕೆಲಸ ಕೊಡಬಹುದು ಎಂದ. ಗಂಡ ಹೆಂಡತಿಯಿದ್ದ ಕಡೆಗೆ ಮುಖ ತಿರುಗಿಸಿದ. ಅವನು ಬಾಯಿ ತೆರೆಯುವ ಮೊದಲೇ ಅವಳಿಗೆ ಅರ್ಥವಾಯಿತು. ಆಗಲ್ಲ ಎನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅವಳು ತಲೆಯಾಡಿಸಿದಳು, ಅದು ಅವನಿಗೆ ಕಾಣುವುದಿಲ್ಲವೆಂದು ನೆನಪಾಗಿ "ಹೂಂ" ಎಂದಳು.

ಬೆಳಿಗ್ಗೆಯೆಲ್ಲ ಅಂಗಡಿಯಲ್ಲಿ ಹೊಲಿಗೆ, ಮಧ್ಯಾಹ್ನದ ಮೇಲೆ ಮನೆಯಲ್ಲಿ ಪಾಠ. ಅವಳು ಕುರ್ಚಿಯಲ್ಲಿ, ಅವನು ಪಕ್ಕದ ಸ್ಟೂಲಿನಲ್ಲಿ. ಪರದೆ ಪೂರ್ತಿ ಅವನಿಗೆ ಬಾಯಿಪಾಠ. ಎಡಗಡೆ ಮೇಲೆ ಫೈಲುಗಳು, ಮಧ್ಯದಲ್ಲಿ ಚಿತ್ರ ಕಾಣುವ ಕಿಟಕಿ, ಕೆಳಗೆ ಉದ್ದಕ್ಕೂ ಟೈಮ್‌ಲೈನು. ಅಲ್ಲಿ ಹೊತ್ತು ಎಡದಿಂದ ಬಲಕ್ಕೆ ಹರಿಯುತ್ತದೆ, ಒಂದೊಂದು ಅಕ್ಷರಕ್ಕೂ ಒಂದೊಂದು ಪಟ್ಟಿ. ಅಕ್ಷರ ಹೊರಡುವಲ್ಲಿ ಒಂದು ಗುರುತು ಹಾಕು, ನಿಲ್ಲುವಲ್ಲಿ ಇನ್ನೊಂದು, ನಡುವಿನ ಓಟವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎನ್ನುತ್ತಿದ್ದ. ಕೇಳುವಾಗ ಎಲ್ಲ ಸಲೀಸು. ಮೌಸ್ ಹಿಡಿದರೆ ಕೈ ಎಲ್ಲಿಗೋ, ಬಾಣ ಎಲ್ಲಿಗೋ. ಒಮ್ಮೆ ಏನೋ ಒತ್ತಿದ್ದಕ್ಕೆ ಟೈಮ್‌ಲೈನೇ ಮಾಯವಾಯಿತೆಂದು ಅವಳು ಕೂಗಿಕೊಂಡಳು. ಕಿಟಕಿಯೊಂದು ಮುಚ್ಚಿಕೊಂಡಿದೆ ಅಷ್ಟೇ, ಮತ್ತೆ ತೆರೆಯಬಹುದು ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಸೂಜಿಮೊನೆಯಷ್ಟಿದ್ದ ಆ ಗುಂಡಿಗಳನ್ನು ದಿಟ್ಟಿಸಿ ದಿಟ್ಟಿಸಿ ಕಣ್ಣಲ್ಲಿ ನೀರು ಬರುತ್ತಿತ್ತು. ಹೊಲಿಗೆಗೆ ಬಗ್ಗಿ ಬಗ್ಗಿ ಮೊದಲೇ ಸೋತಿದ್ದ ಕತ್ತು ಈಗ ಮರಗಟ್ಟಿತು. ಅನ್ನಕ್ಕೆ ಇಟ್ಟದ್ದು ಸೀದುಹೋಗುವುದು ಮನೆಯಲ್ಲಿ ಮಾಮೂಲಾಯಿತು.

ಅಂತೂ ಒಂದು ಹದಕ್ಕೆ ಬರುತ್ತಿದೆ ಎನ್ನುವಾಗ ಸ್ಟುಡಿಯೋದವರು ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿಸಿದರು. ಅರ್ಧಕ್ಕರ್ಧ ಗುಂಡಿಗಳು ಜಾಗ ಬದಲಾಯಿಸಿದ್ದವು. ಗಂಡನ ತಲೆಯೊಳಗಿನ ಪರದೆ ಮಾತ್ರ ಹಳೆಯದೇ.

"ಬಲಗಡೆ ಮೇಲಿದೆ ನೋಡು," ಎಂದ.

"ಅಲ್ಲಿಲ್ಲ ರೀ."

"ಇದೆ. ಸರಿಯಾಗಿ ನೋಡು."

"ನೋಡ್ತಾನೇ ಇದೀನಿ. ಇಲ್ಲ."

"ಇಷ್ಟು ವರ್ಷ ಇದ್ದದ್ದು ಎಲ್ಲಿಗೆ ಹೋಗುತ್ತೆ? ನಿನಗೆ ನೋಡೋಕೇ ಬರಲ್ಲ."

"ನೋಡೋಕೆ ಬರದೇ ಇರೋದು ನನಗಾ?"

ಮಾತು ಬಾಯಿಂದ ಜಾರಿಹೋಗಿತ್ತು. ಅವನು ಎದ್ದು, ಗೋಡೆಗೆ ಕೈಯಾನಿಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಹಿಂದೆಯೇ ಹೋಗಿ ಸಮಾಧಾನ ಹೇಳಬೇಕೆಂದು ಅವಳಿಗೆ ಅನ್ನಿಸಿತು, ಆದರೆ ಹೋಗಲಿಲ್ಲ. ಸ್ವಲ್ಪ ಹೊತ್ತು ಮೇಜಿಗೆ ಹಣೆ ಹಚ್ಚಿ ಕೂತಳು. ಆಮೇಲೆ ಒಂದೊಂದೇ ಮೆನು ತೆರೆಯುತ್ತ ಹೋದಳು. ಅವನು ಹೇಳಿದ ಗುಂಡಿ ಬೇರೆ ಕಿಟಕಿಯೊಂದರ ಹೊಟ್ಟೆಯೊಳಗೆ ಅಡಗಿತ್ತು. ಹುಡುಕುವಾಗಲೇ ಕಿಟಕಿಗಳನ್ನು ಹಿಡಿದೆಳೆದು ಬೇಕಾದಲ್ಲಿ ಇಟ್ಟುಕೊಳ್ಳಬಹುದೆಂದೂ ಗೊತ್ತಾಯಿತು. ಟೈಮ್‌ಲೈನನ್ನು ದೊಡ್ಡದು ಮಾಡಿದಳು, ಬಣ್ಣಗಳ ಕಿಟಕಿಯನ್ನು ಎಡಕ್ಕೆ ತಂದಳು, ತನಗೆ ಬೇಡದ್ದನ್ನೆಲ್ಲ ಮುಚ್ಚಿದಳು. ಹೀಗೆ ಮಾಡಿದರೆ ಇನ್ನು ಅವನು ತನಗೆ ದಾರಿ ಹೇಳಲಾರ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

ಮರುದಿನ ಬೆಳಿಗ್ಗೆ ಅವನ ಕೈಗೆ ಚಹಾ ಕೊಡುತ್ತ ಹೇಳಿದಳು. "ರೀ, ನಿಮ್ಮ ಪರದೆ ನಾನು ಬದಲಾಯಿಸಿಬಿಟ್ಟೆ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಟೈಮ್‌ಲೈನ್ ಎಲ್ಲಿಟ್ಟೆ?"

"ಕೆಳಗೇ ಇದೆ. ದೊಡ್ಡದು ಮಾಡಿದೀನಿ."

ಅವನು ಒಂದು ಗುಟುಕು ಚಹಾ ಕುಡಿದ. ಆಮೇಲೆ, "ನಾನು ಕೆಲಸ ಕಲಿಯುವಾಗ ನಮ್ಮ ಮೇಷ್ಟ್ರು ಇಟ್ಟ ಹಾಗೇ ಇಟ್ಟುಕೊಂಡಿದ್ದೆ. ಬದಲಾಯಿಸೋ ಧೈರ್ಯ ಬರೋಕೆ ವರ್ಷಗಳೇ ಹಿಡಿದ್ವು," ಎಂದ.

"ನಿನ್ನೆ ನಾನು ಅಂದಿದ್ದು..."

"ಸುಳ್ಳೇನೂ ಅಂದಿಲ್ಲವಲ್ಲ ನೀನು. ಬಿಡು."

ಆವತ್ತಿನಿಂದ ಯಾವುದು ಎಲ್ಲಿದೆ ಎಂದು ಹೇಳುವುದನ್ನು ಅವನು ಬಿಟ್ಟುಬಿಟ್ಟ. ಏನು ಓಡುತ್ತಿದೆ, ಹೇಗೆ ಓಡುತ್ತಿದೆ ಎಂದು ಕೇಳತೊಡಗಿದ. ಹಾಸಿಗೆ ಅಂಗಡಿಯೊಂದರ ಜಾಹೀರಾತು ಬಂತು. ಅಂಗಡಿಯ ಹೆಸರು ಮೇಲಿಂದ ಬಿದ್ದು ಮೆತ್ತನೆಯ ಹಾಸಿಗೆಯಲ್ಲಿ ಹೂತುಕೊಳ್ಳಬೇಕು. ಅವಳು ಎಷ್ಟು ತಿದ್ದಿದರೂ ಅಕ್ಷರಗಳು ಕಲ್ಲು ಬಿದ್ದಂತೆ ಬಿದ್ದು ತಟಕ್ಕನೆ ನಿಲ್ಲುತ್ತಿದ್ದವು. ಅವನಿಗೆ ಹಾಗೆಯೇ ಹೇಳಿದಳು. ಅವನು ತಡವಿ ತಡವಿ ಅವಳ ಹೆಗಲು ಹುಡುಕಿ, ಅಂಗೈಯನ್ನು ರಪ್ಪನೆ ಅದರ ಮೇಲಿಟ್ಟ. ಆಮೇಲೆ ಕೈಯೆತ್ತದೆ ನಿಧಾನವಾಗಿ, ಇನ್ನೂ ನಿಧಾನವಾಗಿ ಕೆಳಗೆ ಒತ್ತುತ್ತ ಹೋದ.

"ಬೀಳೋವಾಗ ಹೀಗೆ. ಇಳಿಯೋವಾಗ ಹೀಗೆ. ಗೊತ್ತಾಯ್ತಾ?"

ಗೊತ್ತಾಯಿತು. ಹೆಗಲ ಮೇಲಿನ ಭಾರವನ್ನು ನೆನೆದು ಗುರುತುಗಳನ್ನು ಸರಿಸಿದಳು. ಸ್ಟುಡಿಯೋ ಮಾಲೀಕ ನೋಡಿ, ನಡೆಯುತ್ತದೆ, ಬಣ್ಣ ಇಷ್ಟು ಕಡುವಾಗಿರುವುದು ಬೇಡ ಎಂದ. ಮೆಚ್ಚುಗೆಯೆಂದರೆ ಅದೇ.

ಟೀವಿಯವರ ದೊಡ್ಡ ಕೆಲಸಗಳು ಬೇರೆಯವರ ಪಾಲಾದವು. ಗಂಡನ ಕೈ ಓಡುತ್ತಿದ್ದ ವೇಗ ಅವಳಿಗೆ ಇವತ್ತಿಗೂ ಬಂದಿಲ್ಲ. ಕತ್ತು ಎರಡೂ ಕೆಲಸ ತಾಳಲಾರೆ ಎಂದಾಗ ಹೊಲಿಗೆಯನ್ನು ಬಿಟ್ಟಳು. ಅಂಗಡಿಗಳ ಸಣ್ಣ ಜಾಹೀರಾತುಗಳು ಬರುತ್ತವೆ, ಮಾಡುತ್ತಾಳೆ, ಸಾಕಾಗಿ ಎದ್ದು ಬರುತ್ತಾಳೆ.

ಒಂದು ಸಂಜೆ ಅವಳು ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಟೀವಿಯಲ್ಲಿ ಹಾಸಿಗೆ ಅಂಗಡಿಯ ಹಾಡು ಶುರುವಾಯಿತು. ಗಂಡ ಕಿವಿಗೊಟ್ಟು ಕೂತ.

"ಅಕ್ಷರ ಬಿತ್ತಾ?"

"ಬಿತ್ತು."

"ನೋಡದೇ ಹೇಳ್ತಿದೀಯ ನೀನು."

"ಕಣ್ಣು ಬಿಡೋಕೂ ನಂಗೆ ಆಗ್ತಿಲ್ಲ ರೀ," ಎಂದಳು. ಅವನು ಎದ್ದು ಬಂದು, ಗೋಡೆ ಸವರುತ್ತ ಅವಳ ಪಕ್ಕದಲ್ಲಿ ಕೂತ. ಟೀವಿ ತನ್ನಷ್ಟಕ್ಕೆ ಓಡುತ್ತಿತ್ತು.